ಅಮ್ಮನ ಪಕ್ಕದ ಎರಡನೇ ಚೌಕ

ಫೋನು ಕೆಟ್ಟಿದೆ ಅಂತ ಕಾಮೆಂಟ್ ಹಾಕುವ ಮೊದಲು ಪೂರ್ತಿ ಓದಿ ಗೆಳೆಯರೇ. ಇದು ಇವತ್ತು ಬೆಳಿಗ್ಗೆ, ಹತ್ತು ಗಂಟೆಯ ಬಿಸಿಲಲ್ಲಿ ನಡೆದದ್ದು.

ಅಪ್ಪನಿಗೆ ಬರುತ್ತಿದ್ದ ರೈತರ ಸಹಾಯಧನ ಇನ್ನು ಅಮ್ಮನಿಗೆ ಬರಬೇಕಾದರೆ, ಸರ್ಕಾರದ ಆ್ಯಪ್‌ಗೆ ಅವಳ ಮುಖ ತೋರಿಸಬೇಕು. ತಮಿಳುನಾಡಿನ ಪೆನ್ನಾಗರಂ ಕಡೆಯ ನಮ್ಮ ಹಳ್ಳಿಯಲ್ಲಿ ಸಿಗ್ನಲ್ ಸಿಗುವುದು ನಮ್ಮ ರಾಗಿ ಹೊಲದ ಮೂಲೆಯಲ್ಲಿ ಮಾತ್ರ. ಹೋದ ವರ್ಷ ಅಪ್ಪನನ್ನು ಮಣ್ಣು ಮಾಡಿದ್ದೂ ಅಲ್ಲೇ.

ಅಮ್ಮನನ್ನು ನಿಲ್ಲಿಸಿ ಫೋನು ಹಿಡಿದೆ. ‘ಒಂದಕ್ಕಿಂತ ಹೆಚ್ಚು ಮುಖಗಳಿವೆ, ಒಬ್ಬರೇ ನಿಲ್ಲಿ’ ಎಂದು ಆ್ಯಪ್ ತಮಿಳಿನಲ್ಲಿ ತೋರಿಸಿತು. ಅಮ್ಮನ ಹಿಂದೆ ಬರೀ ಹೊಲ. ಎರಡನೇ ಸಲವೂ ಅದೇ ಮಾತು. ಮೂರನೇ ಸಲ ಸರಿಯಾಗಿ ನೋಡಿದೆ. ಅಮ್ಮನ ಮುಖದ ಸುತ್ತ ಒಂದು ಹಸಿರು ಚೌಕ. ಅವಳ ಪಕ್ಕದಲ್ಲಿ, ಒಂದು ಗೇಣು ಮೇಲೆ, ಬರೀ ಗಾಳಿಯ ಸುತ್ತ ಇನ್ನೊಂದು. ಅಪ್ಪ ಅಮ್ಮನಿಗಿಂತ ಒಂದು ಗೇಣು ಎತ್ತರವಿದ್ದರು.

"ಏನ್ಲಾ ಅಂಗ್ ನೋಡ್ತೀಯಾ?" ಎಂದಳು ಅಮ್ಮ.

"ಇಬ್ರು ಅವ್ರೆ ಅಂತೈತೆ ಕಣಮ್ಮಾ."

ಅಮ್ಮ ಬೆಚ್ಚಲಿಲ್ಲ. ಪಕ್ಕಕ್ಕೆ ತಿರುಗಿ, ಅಪ್ಪ ಇದ್ದಾಗ ಗದರುತ್ತಿದ್ದ ದನಿಯಲ್ಲೇ ಹೇಳಿದಳು: "ಕೊಂಜಂ ಆ ಕಡೆಗೋಗಿ ನಿಂತ್ಕಳಿ. ಈಗ ನನ್ ಹೆಸ್ರಿಗೆ ಬರ್ಬೇಕಂತೆ."

ಎರಡನೇ ಚೌಕ ಮೆಲ್ಲಗೆ ಸರಿಯುತ್ತಾ ಪರದೆಯಿಂದ ಆಚೆ ಹೋಯಿತು. ಆ್ಯಪ್ ಸರಿ ಗುರುತು ಹಾಕಿತು.

ಅಪ್ಪ ತೀರಿಹೋದರೆಂದು ಕಚೇರಿಯವರನ್ನು ನಂಬಿಸಲು ನನಗೆ ಒಂದು ವರ್ಷ ಹಿಡಿಯಿತು. ಅಪ್ಪನನ್ನು ನಂಬಿಸುವುದು ಇನ್ನೂ ಬಾಕಿ ಇದೆ.