ಬಾಬಣ್ಣನ ಫೋನಿನಲ್ಲಿ ನಿಂತ ಆನೆ

ಕಡಬದ ಈ ಕಾಡಂಚಿನಲ್ಲಿ ನಮಗೆ ನೆಟ್‌ವರ್ಕ್ ಇಲ್ಲ ಸ್ನೇಹಿತರೇ. ಹಾಗಾಗಿ ಬ್ಲೂಟೂತ್‌ನಲ್ಲೇ ಒಂದು ಮನೆಯ ಫೋನಿನಿಂದ ಮುಂದಿನ ಮನೆಯ ಫೋನಿಗೆ ಸಂದೇಶ ದಾಟಿಸುವ ಆಪ್ ಹಾಕಿಕೊಂಡಿದ್ದೇವೆ.

ಇವತ್ತು ಬೆಳಿಗ್ಗೆ ಗುಡ್ಡದ ಮೇಲಿನ ಶೀನಣ್ಣ ಗುಂಪಿಗೆ ಬರೆದರು: “ಹೊಳೆದಾರಿಯಲ್ಲಿ ಆನೆ ಉಂಟು, ಯಾರೂ ಹೋಗ್ಬೇಡಿ.” ನನಗೆ ಬಂತು. ನಮ್ಮ ಕೆಳಗಿನ ಮನೆ ಬಾಬಣ್ಣನದು. ಅವರ ಫೋನಿಗೂ ಹೋಗಲಿಲ್ಲ, ಅಲ್ಲಿಂದ ಮುಂದೆ ಯಾರಿಗೂ ಹೋಗಲಿಲ್ಲ. ಅಂಗಳದಿಂದ ನೋಡಿದರೆ ಬಾಬಣ್ಣನ ಹೆಂಡತಿ ಸೀತಕ್ಕನೇ ಹಾಲಿನ ಕ್ಯಾನ್ ಹಿಡಿದು ಹೊಳೆಯತ್ತ ಇಳಿಯುತ್ತಿದ್ದಾರೆ! ಅಮ್ಮ ಗಂಟಲು ಹರಿಯುವಂತೆ ಕೂ ಹಾಕಿದರು. ಸೀತಕ್ಕ ತಿರುಗಿ ಓಡಿ ಬಂದರು.

“ಬ್ಲೂಟೂತ್ ಯಾಕೆ ಆಫ್ ಮಾಡಿದ್ದು ಮಾರಾಯ್ರೆ?” ಎಂದು, ಅಮ್ಮನ ಜೊತೆ ಅವರ ಮನೆಗೆ ಇಳಿದು ಹೋಗಿ ಬಾಬಣ್ಣನನ್ನು ಕೇಳಿದೆ.

“ಶೀನ ಅವನ ಜಾಗದಲ್ಲಿ ನನಗೆ ನಡೀಲಿಕ್ಕೆ ದಾರಿ ಕೊಡ್ಲಿಲ್ಲ. ಅವನ ಮೆಸೇಜಿಗೆ ನಾನೆಂತಕ್ಕೆ ದಾರಿ ಕೊಡುದು?”

“ಹಿಂದೆ ಫೋನಿಲ್ಲದಾಗ ಮನೆಯಿಂದ ಮನೆಗೆ ಕೂ ಹಾಕಿಯೇ ಸುದ್ದಿ ಮುಟ್ಟಿಸ್ತಿದ್ದದ್ದು. ಜಗಳದ ಮನೆಯ ಕೂವನ್ನೂ ನಾವು ಮುಂದೆ ದಾಟಿಸ್ತಿದ್ದೆವು ಬಾಬಣ್ಣ,” ಎಂದರು ಅಮ್ಮ.

ಸೀತಕ್ಕ ಗಂಡನ ಕೈಯಿಂದ ಫೋನು ತೆಗೆದುಕೊಂಡು ಬ್ಲೂಟೂತ್ ಆನ್ ಮಾಡಿದರು.

ಅಂತೂ ಶೀನಣ್ಣನ ಮೆಸೇಜಿಗೆ ದಾರಿ ಸಿಕ್ಕಿತು. ಬಾಬಣ್ಣನಿಗೆ ದಾರಿ ಸಿಗಲು ಇನ್ನೊಂದು ಆನೆ ಬರಬೇಕೋ ಏನೋ.