ಅಬಿ ನಿಲ್ಲಿಸುತ್ತಿದ್ದ ಮಿನಾರು

ವಿಜಯದಶಮಿಯ ಮಾರನೆಯ ದಿನ ದಸರಾ ಗೊಂಬೆಗಳನ್ನು ಹಳೆ ಪಂಚೆಯ ಚೂರುಗಳಲ್ಲಿ ಸುತ್ತುತ್ತಾ ಕೂತಿದ್ದಾಗ ಫೋನು ಬಂತು. ಪಕ್ಕದ ಅಪಾರ್ಟ್‌ಮೆಂಟಿನ ಅಬಿ ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ಅವರ ಮಗಳು ಹೇಳಿದಳು. ನಿದ್ದೆಯಲ್ಲೇ ಹೋದರಂತೆ. ಅಷ್ಟಾದರೂ ದಯೆ ತೋರಿದ ದೇವರಿಗೆ ಕೈಮುಗಿದೆ.

ಅಬಿ ಎಂದರೆ ಅವರ ತಾತಾರ್ ಭಾಷೆಯಲ್ಲಿ ಅಜ್ಜಿ. ಚಿಕ್ಕಂದಿನಲ್ಲೇ ರಷ್ಯಾದ ಹಳ್ಳಿ ಬಿಟ್ಟು, ಚೀನಾ, ಜಪಾನ್ ಸುತ್ತಿ ಅಮೆರಿಕದ ಸನ್ನಿವೇಲ್‌ಗೆ ಬಂದವರು. ಎಂಬತ್ತರ ದಶಕದಲ್ಲಿ ನಾವು ಅಲ್ಲಿಗೆ ಹೋದಾಗ ಮೊದಲು ಬಾಗಿಲು ತಟ್ಟಿದವರು ಅವರೇ. ತಮ್ಮ ಜೇನಿನ ಸಿಹಿಯನ್ನು ನಮಗಾಗಿ ಮೊಟ್ಟೆ ಹಾಕದೆ ಮಾಡಿ, "ಕಲ್ಲಾಗಿದೆ. ಆದರೆ ನಿನ್ನ ದೇವರು ಬೈಯಲ್ಲ" ಎಂದು ಕೊಡುತ್ತಿದ್ದರು.

ಗೊಂಬೆ ಸಾಲಿನ ಕೆಳಗೆ ನಾನು ಕಟ್ಟಿದ್ದ ಪುಟ್ಟ ಊರನ್ನು ನೋಡಿ ಒಮ್ಮೆ ಕೇಳಿದರು: "ದೇವಸ್ಥಾನ ಇದೆ, ಕೆರೆ ಇದೆ. ನಮ್ಮ ಮಸೀದಿಗೆ ಜಾಗ ಇದೆಯಾ?"

ಮುಂದಿನ ವರ್ಷ ತಾವೇ ಮರದಲ್ಲಿ ಮಾಡಿ ತಂದರು. ಹಸಿರು ಬಣ್ಣದ ಉದ್ದನೆಯ ಮನೆಯಂಥ ಕಟ್ಟಡ, ಇಳಿಜಾರು ಸೂರು. ಮಿನಾರು ಮಾತ್ರ ಬೇರೆ ತುಂಡು. ನಮ್ಮ ಯಜಮಾನರು ಮೈಸೂರಿನಲ್ಲಿ ನೋಡಿದ್ದ ಹಾಗೆ ಅದನ್ನು ಕಟ್ಟಡದ ಪಕ್ಕಕ್ಕೆ ನಿಲ್ಲಿಸಿದರು.

ಅಬಿ ನಕ್ಕರು. "ಪಾಪ, ಅದನ್ನ ಹೊರಗೆ ಯಾಕೆ ನಿಲ್ಲಿಸಿದೆ ಮಗಾ? ನಮ್ಮೂರಲ್ಲಿ ಹಿಮ. ಚಳಿ ಆಗುತ್ತೆ ಅದಕ್ಕೆ."

ಸೂರಿನ ನಡುವೆ ಒಂದು ತೂತಿತ್ತು. ಅಲ್ಲಿ ಸಿಕ್ಕಿಸಿದರು. ಅವರೂರಿನ ಮಸೀದಿಯ ಮಿನಾರು ಸೂರಿನ ನಡುವಿನಿಂದಲೇ ಏಳುತ್ತಿತ್ತಂತೆ. ಆಜಾನ್ ಕೂಗುವವರು ಅಟ್ಟದೊಳಗಿನಿಂದ ಮೆಟ್ಟಿಲು ಹತ್ತುತ್ತಿದ್ದರಂತೆ. ಅವರ ಮುತ್ತಜ್ಜನ ಕಾಲದಲ್ಲಿ ಊರವರೇ ಕಾಡಿನಿಂದ ದಿಮ್ಮಿ ಎಳೆದು ತಂದು ಕಟ್ಟಿದ್ದು. ಇವರು ಊರು ಬಿಟ್ಟ ಮೇಲೆ ಸರ್ಕಾರದವರು ಮಿನಾರನ್ನು ಗರಗಸದಲ್ಲಿ ಕೊಯ್ದು ಕೆಡವಿ, ಒಳಗೆ ಧಾನ್ಯ ತುಂಬಿದರಂತೆ.

"ಕೊಯ್ದದ್ದು ನಾನು ನೋಡಿಲ್ಲ. ಅದೊಂದು ಒಳ್ಳೇದಾಯ್ತು," ಎಂದರು ಅಬಿ.

ನನ್ನ ಮಗಳು, "ಶುಡ್ ಐ ಗ್ಲೂ ಇಟ್, ಅಬಿ?" ಎಂದಳು.

"ಬೇಡ ಕಣೇ. ಅಂಟಿಸಿಬಿಟ್ಟರೆ ನನಗೇನು ಕೆಲಸ? ಪ್ರತಿ ವರ್ಷ ನಾನೇ ಬಂದು ನಿಲ್ಲಿಸ್ತೀನಿ. ಅಲ್ಲಂತೂ ಆಗಲಿಲ್ಲ."

ಹಾಗೇ ಬರುತ್ತಿದ್ದರು. ನವರಾತ್ರಿಯ ಮೊದಲ ದಿನ ಅಬಿ ಮಿನಾರು ನಿಲ್ಲಿಸುವ ತನಕ ನಾನು ಆರತಿ ಎತ್ತುತ್ತಿರಲಿಲ್ಲ.

ಆ ವರ್ಷ ಹಬ್ಬಕ್ಕೆ ಮೊದಲೇ ಆಸ್ಪತ್ರೆ ಸೇರಿದರು. ನೋಡಲು ಹೋದಾಗ, "ಈ ಸಲ ನೀನೇ ನಿಲ್ಲಿಸು" ಎಂದರು. "ನೀವು ಮನೆಗೆ ಬನ್ನಿ ಅಬಿ, ಆಮೇಲೆ" ಎಂದೆ. ಹಬ್ಬ ಮುಗಿಯುವ ತನಕ ಸೂರಿನ ತೂತು ಬರಿದಾಗಿಯೇ ಇತ್ತು.

ಫೋನು ಇಟ್ಟು ಬಂದು ಮಿನಾರನ್ನು ಸಿಕ್ಕಿಸಿದೆ. ನೆಟ್ಟಗೆ ಕೂತಿತು. ಮತ್ತೆ ಕಿತ್ತು ಸುತ್ತಿಡಲು ಕೈ ಬರಲಿಲ್ಲ. ಮಿನಾರು ನಿಂತ ಮಸೀದಿ ಹಳೆಯ ಡಬ್ಬದಲ್ಲಿ ಹಿಡಿಸಲಿಲ್ಲ. ಪುಣ್ಯಕ್ಕೆ ವ್ಯಾಕ್ಯೂಮ್ ಕ್ಲೀನರ್ ಬಂದಿದ್ದ ಎತ್ತರದ ಪೆಟ್ಟಿಗೆಯನ್ನು ಎಸೆದಿರಲಿಲ್ಲ. ಮಸೀದಿಯನ್ನು ನಿಂತ ಹಾಗೇ ಅದರೊಳಗಿಟ್ಟು, ಸುತ್ತಲೂ ಪಂಚೆಯ ಚೂರು ತುರುಕಿದೆ. ಆಮೇಲೆ ಕೈ ತೊಳೆದು, ಮಾರನೆಯ ದಿನದ ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ.