ಮೈಲಾರಪ್ಪನವರ ಮರಿಪಾಲು

ಮೈಲಾರಪ್ಪನವರು ಯಾರ ಮನೆಗೆ ಹೋದರೂ ಮೊದಲು ವಿಚಾರಿಸುತ್ತಿದ್ದುದು ಬ್ಯಾಟರಿಯನ್ನು. ಚಪ್ಪಲಿ ಬಿಟ್ಟವರೇ ಮೂಲೆಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ ಅದರ ಮೇಲೆ ಅಂಗೈ ಇಡುತ್ತಿದ್ದರು. "ನೀರು ಕುಡಿಸೀರೇನು?" ಎಂದು ಕೇಳಿ, ಮುಚ್ಚಳ ಬಿಚ್ಚಿ ಇಣುಕಿ ನೋಡಿದ ಮೇಲೆಯೇ ನಮ್ಮ ಕಡೆ ತಿರುಗಿ "ಆರಾಮ ಅದೀರೇನ್ರಿ" ಅನ್ನುವುದು. ಒಂದು ಕಿವಿ ಮಂದವಾಗಿದ್ದರಿಂದ ಅವರಿಗೆ ಎಲ್ಲವನ್ನೂ ಜೋರಾಗಿ ಹೇಳಬೇಕಿತ್ತು.

ಕುರಿ ಕಾಯುವ ಮನೆತನದವರು. ಅದು ಹೇಗೋ ರೇಡಿಯೊ ರಿಪೇರಿ ಕಲಿತು, ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದರು. ನಮ್ಮದು ಹೊಲದಲ್ಲಿ ಕಟ್ಟಿದ ಮನೆ. ಕರೆಂಟಿನ ಕಂಬಗಳು ಊರಿನ ಹತ್ತಿರವೇ ನಿಂತುಬಿಟ್ಟಿದ್ದವು. ತೊಂಬತ್ತರ ದಶಕದ ಕೊನೆಗೆ ಮಾಳಿಗೆಯ ಮೇಲೆ ಸೋಲಾರ್ ಹಲಗೆ ಕೂರಿಸಿ, ಒಳಗೆ ಒಂದು ಬ್ಯಾಟರಿ, ಎರಡು ದೀಪ, ಕಪ್ಪು ಬಿಳುಪಿನ ಪುಟ್ಟ ಟಿ.ವಿ. ಜೋಡಿಸಿಕೊಟ್ಟವರು ಅವರೇ. ಜೊತೆಗೆ ಗೋಡೆಯ ಮೇಲೊಂದು ಡಬ್ಬಿ. ಅದರಲ್ಲಿ ಹಸಿರು ದೀಪ ಇರುವ ತನಕ ಕರೆಂಟು ಬಳಸಬಹುದು. ಕೆಂಪು ಬಂದರೆ ಡಬ್ಬಿ ತಾನೇ ಎಲ್ಲವನ್ನೂ ನಿಲ್ಲಿಸುತ್ತದೆ. ಆಗಲೂ ಬ್ಯಾಟರಿಯಲ್ಲಿ ಒಂದಿಷ್ಟು ಉಳಿದಿರುತ್ತದಂತಲ್ಲ, ಅದನ್ನೂ ಕೊಡಬಾರದೇ ಎಂದು ನನ್ನ ಗಂಡ ಕೇಳಿದರು.

"ಮೇಕಿ ಹಾಲು ಹಿಂಡೂವಾಗ ಮರಿಗೆ ಒಂದೀಟು ಬಿಡ್ತೀರೋ ಇಲ್ಲೋ? ಇದೂ ಹಂಗ. ಉಳಿದದ್ದು ಮರಿಪಾಲು. ಅದಕ್ಕ ಕೈ ಹಾಕಬ್ಯಾಡ್ರಿ."

ನಮ್ಮ ಅತ್ತೆಗೆ ಈ ಯಂತ್ರದ ಮೇಲೆ ಭಕ್ತಿಯೋ ಭಕ್ತಿ. ಅಮಾವಾಸ್ಯೆ ಬಂದರೆ ನೇಗಿಲು, ಸೈಕಲ್ಲು ಎಲ್ಲಕ್ಕೂ ವಿಭೂತಿ ಬಳಿಯುವವರು, ಒಂದು ಸಲ ಏಣಿ ಹತ್ತಿ ಸೋಲಾರ್ ಹಲಗೆಯ ತುಂಬ ಮೂರು ದಪ್ಪ ಪಟ್ಟೆ ಎಳೆದು ಬಂದರು. ನಾಲ್ಕು ದಿನ ದೀಪ ಸರಿಯಾಗಿ ಹತ್ತಲಿಲ್ಲ. ಮೈಲಾರಪ್ಪನವರು ಬಂದು ಮಾಳಿಗೆ ಹತ್ತಿ, ಮೊದಲು ಆ ವಿಭೂತಿಗೆ ಕೈಮುಗಿದು, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರು. ಇನ್ನು ಮೇಲೆ ಸುತ್ತಲಿನ ಚೌಕಟ್ಟಿಗೆ ಹಚ್ಚಿದರೆ ಸಾಕು, ದೇವರು ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಅತ್ತೆಗೆ ಹೇಳಿದರು. ನಗಲಿಲ್ಲ. ನಾನಂತೂ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ದೆ.

ನಗು ಬಂದ ಕಾಲ ಅದೊಂದೇ. ನಾನು ಟಿಸಿಎಚ್ ಮುಗಿಸಿ ಮದುವೆಯಾಗಿ ಬಂದವಳು. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಅರ್ಜಿ ಹಾಕಿದ್ದೆ. ವಯಸ್ಸು ಮೀರುತ್ತಿದ್ದುದರಿಂದ ಅದೇ ಕೊನೆಯ ಅವಕಾಶ. ಹಗಲೆಲ್ಲ ಹೊಲದ ಕೆಲಸ, ಓದುವುದೇನಿದ್ದರೂ ಸಂಜೆ ದೀಪದ ಕೆಳಗೆ. ಸೀಮೆಎಣ್ಣೆ ಚಿಮಣಿಯ ಹೊಗೆಗೆ ನನ್ನ ಕಣ್ಣುರಿದು ನೀರು ಸುರಿಯುತ್ತಿತ್ತು. ಪರೀಕ್ಷೆಗೆ ಹದಿನೈದು ದಿನ ಇದೆ ಅನ್ನುವಾಗ ದೀಪ ಆರಿತು, ಮತ್ತೆ ಹತ್ತಲಿಲ್ಲ.

ಮೈಲಾರಪ್ಪನವರು ಬಂದು ಎಂದಿನಂತೆ ಅಂಗೈ ಇಟ್ಟರು. ಆಮೇಲೆ ಬ್ಯಾಟರಿಯ ತುದಿಗಳ ಮೇಲೆ ಬೆರಳಾಡಿಸಿದರು. ಹೊಸದಾಗಿ ತಂತಿ ಉಜ್ಜಿದ ಗೀರುಗಳಿದ್ದವು. ಅವರು ಯಾರ ಮುಖವನ್ನೂ ನೋಡದೆ ಕೇಳಿದರು:

"ಮರಿಪಾಲು ಯಾರು ಕುಡಿದ್ರು?"

ನನ್ನ ಗಂಡ ತಲೆ ತಗ್ಗಿಸಿದರು. ಆ ವಾರವೆಲ್ಲ ಕ್ರಿಕೆಟ್ಟಿತ್ತು. ಕೆಂಪು ಬಂದು ಟಿ.ವಿ. ನಿಂತಾಗಲೆಲ್ಲ ಡಬ್ಬಿಯನ್ನು ತಪ್ಪಿಸಿ ಬ್ಯಾಟರಿಗೇ ತಂತಿ ಕೊಟ್ಟು, ತಳ ಮುಟ್ಟುವವರೆಗೂ ಆಟ ನೋಡಿದ್ದರು. ನನಗೆ ಸಿಟ್ಟಿಗಿಂತ ಅಳುವೇ ಮೊದಲು ಬಂತು. ಬ್ಯಾಟರಿ ಸತ್ತಿಲ್ಲ, ಸೊರಗಿದೆ, ಅಂಗಡಿಯಲ್ಲಿಟ್ಟು ನಿಧಾನವಾಗಿ ಚೇತರಿಸಿಕೊಳ್ಳಲು ಬಿಡಬೇಕು, ತಿಂಗಳಾದರೂ ಬೇಕು ಎಂದರು ಮೈಲಾರಪ್ಪನವರು. ಪರೀಕ್ಷೆ ಯಾವಾಗ ಎಂದು ಕೇಳಿಕೊಂಡು ಹೋದರು.

ಮರುದಿನ ಸಂಜೆ ಸೈಕಲ್ ತಳ್ಳಿಕೊಂಡೇ ಬಂದರು. ಹಿಂದೆ ಕ್ಯಾರಿಯರ್ ಮೇಲೆ, ಹರಕು ಸೀರೆಗಳ ಒಂದು ಸಣ್ಣ ಕೌದಿ ಸುತ್ತಿದ ಬೇರೆ ಬ್ಯಾಟರಿ. ಅಂಗಡಿಯಲ್ಲಿ ಸುಮ್ಮನೆ ಕೂತಿತ್ತು ಎಂದು ಹೇಳಿ ಜೋಡಿಸಿದರು. ಹೋಗುವಾಗ ಟಿ.ವಿ.ಯ ತಂತಿ ಬಿಚ್ಚಿ, ಸುರುಳಿ ಸುತ್ತಿ ತಮ್ಮ ಜೇಬಿಗೆ ಹಾಕಿಕೊಂಡರು.

ಆ ದೀಪದಲ್ಲಿ ನಾನು ಓದಿದೆ. ಪರೀಕ್ಷೆ ಮುಗಿದ ಮೇಲೆ ಇನ್ನೂ ಹತ್ತು ದಿನ ಬಿಟ್ಟು, ನಮ್ಮ ಬ್ಯಾಟರಿ ತಂದು ಕೂರಿಸಿ, ತಾವು ತಂದಿದ್ದನ್ನು ಮತ್ತೆ ಕೌದಿ ಸುತ್ತಿ ತೆಗೆದುಕೊಂಡು ಹೋದರು. ಪರೀಕ್ಷೆ ಹೇಗಾಯಿತು ಎಂದು ಕೇಳಲಿಲ್ಲ.

"ದೀಪ ಚಲೋ ಉರೀತೇನು ತಂಗಿ?" ಅಂದರು, ಅಷ್ಟೇ.

ನನಗೆ ಹಡಗಲಿ ಕಡೆಯ ಒಂದು ಶಾಲೆಗೆ ಕೆಲಸ ಸಿಕ್ಕಿತು, ಗಂಟುಮೂಟೆ ಕಟ್ಟಿ ಹೊರಟೆವು. ಮೈಲಾರಪ್ಪನವರಿಗೆ ಎದುರಿಗೇ ಹೇಳೋಣವೆಂದು ಸುಮ್ಮನಿದ್ದೆ. ಇವತ್ತು ನಾಳೆ ಅನ್ನುತ್ತ ಎರಡು ವರ್ಷ ಕಳೆಯಿತು. ನನ್ನ ಸೋಮಾರಿತನಕ್ಕೆ ಬೇರೆ ಹೆಸರಿಲ್ಲ. ಕಡೆಗೊಂದು ರಜೆಯಲ್ಲಿ ಕೂಡ್ಲಿಗಿಯಲ್ಲಿ ಇಳಿದು ನೋಡಿದರೆ ಅಂಗಡಿಗೆ ಬೀಗ. ಎದೆನೋವು ಬಂದು ಹೋಗಿಬಿಟ್ಟರು, ಆರು ತಿಂಗಳಾಯಿತು ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿ, ಊರಾಚೆ ಕರೆಂಟಿನ ಕಂಬ ತಲುಪದ ಅವರ ಮನೆ ತೋರಿಸಿದ.

ಅವರ ಹೆಂಡತಿ ಹನುಮಕ್ಕ ಚಾಪೆ ಹಾಸಿದರು. ಕೂತವಳ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಅವರ ಮನೆಯ ಬ್ಯಾಟರಿ, ಅದರ ಮೇಲೆ ಅದೇ ಕೌದಿ. ಅಂಗಡಿಯಲ್ಲಿ ಯಾವ ಬ್ಯಾಟರಿಯೂ ಸುಮ್ಮನೆ ಕೂತಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ನನ್ನ ಮುಖ ನೋಡಿ ಹನುಮಕ್ಕನಿಗೂ ನಾನು ಯಾರೆಂದು ಗೊತ್ತಾಯಿತೇನೋ.

"ಪರೀಕ್ಷಿ ಬರದಾಕಿ ನೀನ ಏನವ್ವ? ಕೌದಿ ಸುತ್ತಿ ಕೊಟ್ಟಾಕಿ ನಾನ. ತಿಂಗಳ ತನ ಚಿಮಣಿ ಹಚ್ಚಿಕೊಂಡಿದ್ವಿ. ಏನಾತೋ ಏನೋ ಅಂತ ಭಾಳ ದಿನ ಅಂತಿದ್ರು. ಹೋಗಿ ಕೇಳ್ರಿ ಅಂದ್ರ, ಫೇಲಾಗಿದ್ರ ಹುಡುಗಿ ನೊಂದ್ಕೊಂತಾಳ ಅಂದ್ರು. ಪಾಸಾದೇನವ್ವ?"

ಹೌದೆಂದು ತಲೆಯಾಡಿಸಿದೆ. ಹನುಮಕ್ಕ ಗೋಡೆಯ ಮೇಲಿದ್ದ ಗಂಡನ ಫೋಟೊ ಕಡೆ ತಿರುಗಿ, ಮಂದ ಕಿವಿಗೆ ಕೇಳಲೆಂದು ಜೋರಾಗಿ ಹೇಳಿದರು:

"ಪಾಸಾಗ್ಯಾಳಂತ್ರಿ."